ಕುಕ್ಕುಟಾಹಾರದಲ್ಲಿ ಪ್ರೋಬಯೋಟಿಕ್‌ಗಳು

ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಆಶ್ರಯವಿತ್ತ ಪ್ರಾಣಿಯ ಆರೋಗ್ಯಕ್ಕೆ ಹಿತವನ್ನುಂಟುಮಾಡುವ ಸಜೀವ ಸೂಕ್ಷ್ಮಜೀವಿಗಳಿಗೆ ಪ್ರೋಬಯೋಟಿಕ್‌ಗಳೆಂದು ಹೆಸರು. ಕೋಳಿಸಾಕಣೆಯಲ್ಲಿ ಇವನ್ನು ಆಹಾರದೊಡನೆಯೋ ಕುಡಿಯುವ ನೀರಿನೊಡನೆಯೋ ಕೊಟ್ಟು, ರೋಗಕಾರಕ ಬ್ಯಾಕ್ಟೀರಿಯಗಳು ಕರುಳಿನಲ್ಲಿ ನೆಲೆಯೂರದಂತೆ ತಡೆಯುವುದುಂಟು. ಲ್ಯಾಕ್ಟೊಬ್ಯಾಸಿಲಸ್, ಬೈಫಿಡೊಬ್ಯಾಕ್ಟೀರಿಯಂ, ಎಂಟೆರೊಕಾಕಸ್, ಬ್ಯಾಸಿಲಸ್ ಕುಲಗಳ ಕೆಲವು ಪ್ರಭೇದಗಳೂ ಸ್ಯಾಕರೊಮೈಸಿಸ್ ಎಂಬ ಯೀಸ್ಟೂ ಇವುಗಳಲ್ಲಿ ಮುಖ್ಯವಾದುವು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ಮನೆಗಳಲ್ಲಿ ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಹಾಕುವ ಹೆಪ್ಪಿನಲ್ಲಿರುವುವೂ ಲ್ಯಾಕ್ಟಿಕ್ ಆಮ್ಲವನ್ನುತ್ಪಾದಿಸುವ ಜೀವಾಣುಗಳೇ. ಆದರೆ ಅವೆಲ್ಲವೂ ಕೋಳಿಯ ಕರುಳಿನಲ್ಲಿ ಬಾಳಲಾರವಾದುದರಿಂದ ಪರೀಕ್ಷಿಸಿ ಆಯ್ದ ತಳಿಗಳನ್ನೇ ಬಳಸತಕ್ಕದ್ದು.

ಹಿನ್ನೆಲೆ: ಹೇಟೆಯ ಕಾವಿನಲ್ಲಿ ಹುಟ್ಟಿದ ಮರಿಯು ಅದರ ಬೆನ್ನುಹತ್ತಿ ನೆಲವನ್ನು ಕೆದಕುತ್ತ ಕುಕ್ಕುತ್ತ, ಅದರ ಹಿಕ್ಕೆಯ ಸಂಪರ್ಕದಿಂದ, ಬೆಳೆದ ಕೋಳಿಯ ಕರುಳಿನ ಜೀವಾಣುಸಮುದಾಯವನ್ನು ಸಹಜವಾಗಿಯೇ ಪಡೆಯುತ್ತದೆ, ಕಾವುಯಂತ್ರದಲ್ಲಿ ಹುಟ್ಟಿ ತಾಯಿಯನ್ನೇ ಕಾಣದ ಮರಿಗಾದರೋ ಈ ಬಳುವಳಿ ದೊರೆಯದ ಕಾರಣ, ಮೊದಲು ಬಂದ ರೋಗಾಣುವಿಗೆ ಅದರ ಕರುಳು ಸುಲಭವಾಗಿ ಎಡೆಗೊಡುತ್ತದೆ. 1971ರಲ್ಲಿ ಫಿನ್ಲೆಂಡಿನ ಬ್ರಾಯ್ಲರ್ ಕೋಳಿಗಳಲ್ಲಿ ಸಾಲ್ಮೊನೆಲ್ಲಾ ಸೋಂಕು ವ್ಯಾಪಕವಾಗಿ ಹರಡಿದ ತರುವಾಯ, ನುರ್ಮಿ ಮತ್ತು ರಂತಾಲ ಎಂಬ ವಿಜ್ಞಾನಿಗಳು ಆರೋಗ್ಯವಂತ ಕೋಳಿಗಳ ಕರುಳಿನ ದ್ರವ್ಯವನ್ನು ಆಗತಾನೆ ಹುಟ್ಟಿದ ಮರಿಗಳಿಗೆ ಕುಡಿಸಿ, ಅವು ಸೋಂಕನ್ನು ಎದುರಿಸಬಲ್ಲವೆಂದು 1973ರಲ್ಲಿ ಪ್ರಕಟಪಡಿಸಿದರು. ‘ಸ್ಪರ್ಧಾತ್ಮಕ ಬಹಿಷ್ಕಾರ’ವೆಂಬ ತತ್ತ್ವಕ್ಕೆ ಇದೇ ತಳಹದಿ.

ಕಾರ್ಯವಿಧಾನ: ಉಪಕಾರಿ ಜೀವಾಣುಗಳು ಕರುಳಿನ ಒಳಪೊರೆಗೆ ಅಂಟಿಕೊಂಡು ರೋಗಾಣುಗಳಿಗೆ ಸ್ಥಳವನ್ನೂ ಪೋಷಕಾಂಶವನ್ನೂ ಇಲ್ಲವಾಗಿಸುವುವು, ಆಮ್ಲಗಳನ್ನು ಸ್ರವಿಸಿ ಆಮ್ಲಸಹಿಷ್ಣುಗಳಲ್ಲದ ರೋಗಾಣುಗಳ ವೃದ್ಧಿಯನ್ನು ಕುಗ್ಗಿಸುವುವು, ಕೆಲವು ಬ್ಯಾಕ್ಟೀರಿಯೊಸಿನ್ ಎಂಬ ಮಾರಕ ಪ್ರೋಟೀನುಗಳನ್ನೂ ಬಿಡುವುವು. ಕರುಳಿನ ರೋಗನಿರೋಧಕ ಅಂಗಾಂಶವೂ ಇವುಗಳ ಸಂಪರ್ಕದಿಂದ ಜಾಗೃತವಾಗುತ್ತದೆ.

ರೋಗಗಳು: ಎಳೆಮರಿಗಳು ರೆಕ್ಕೆ ಜೋಲುಬಿಟ್ಟು ಬ್ರೂಡರಿನ ಶಾಖದ ಬಳಿ ಒತ್ತೊತ್ತಾಗಿ ಮುದುಡಿ, ಬಿಳಿಯ ಹಿಕ್ಕೆ ಗುದದ್ವಾರದ ಗರಿಗಳಿಗೆ ಮೆತ್ತಿಕೊಂಡು ಸಾಯುವ ಬಿಳಿಭೇದಿ, ಕೋಳಿ ಟೈಫಾಯ್ಡ್, ಇ. ಕೋಲಿ ಸೋಂಕು, ಹಾಗೂ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನಿಂದ ಕರುಳಿನ ಒಳಪೊರೆ ಕೊಳೆಯುವ ವ್ಯಾಧಿ ಇವುಗಳಲ್ಲಿ ಪ್ರೋಬಯೋಟಿಕ್‌ಗಳ ಪಾತ್ರ ನಿವಾರಣೆಯದೇ ಹೊರತು ಚಿಕಿತ್ಸೆಯದಲ್ಲ. ವೈರಸ್‌ಜನ್ಯವಾದ ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್ ಬೇನೆಗೆ, ಲಸಿಕೆಯೇ ಬೇಕು.

ಬಳಕೆ: ಕಾಲವೇ ಇಲ್ಲಿ ಮುಖ್ಯ, ಮರಿ ಬಂದ ಮೊದಲ ದಿನವೇ ಆರಂಭಿಸಿದಲ್ಲಿ ಫಲ ಹೆಚ್ಚು. ಅಲ್ಪಪ್ರಮಾಣದ ಪುಡಿಯನ್ನು ಮೊದಲು ಸ್ವಲ್ಪ ಮೆಕ್ಕೆಜೋಳದ ನುಚ್ಚಿನಲ್ಲಿ ಬೆರೆಸಿ, ಬಳಿಕ ಇಡೀ ರಾಶಿಗೆ ಕಲಸಿದರೆ ಹಂಚಿಕೆ ಸಮನಾಗುತ್ತದೆ. ಆಹಾರವನ್ನು ಬಿಸಿ ಹಬೆಯಲ್ಲಿ ಒತ್ತಿ ಪೆಲೆಟ್ ಮಾಡುವಾಗ ಲ್ಯಾಕ್ಟೊಬ್ಯಾಸಿಲಸ್ ಬಹುಪಾಲು ನಾಶವಾಗುವುದು. ಬ್ಯಾಸಿಲಸ್‌ನ ಬೀಜಾಣುಗಳು ಆ ಶಾಖವನ್ನು ತಾಳಬಲ್ಲವಾದುದರಿಂದ ಪೆಲೆಟ್ಟಿಗೆ ಅವೇ ಯೋಗ್ಯ. ನೀರಿನಲ್ಲಿ ಕೊಡುವುದಾದರೆ ಆ ನೀರಿಗೆ ಬ್ಲೀಚಿಂಗ್ ಪುಡಿ ಬಿದ್ದಿರಕೂಡದು. ಆಂಟಿಬಯೋಟಿಕ್‌ಗಳನ್ನು ಜೊತೆಯಲ್ಲಿ ಕೊಟ್ಟರೆ ಶತ್ರುವಿನೊಡನೆ ಮಿತ್ರನೂ ಅಳಿಯುವನು.

ಕರ್ನಾಟಕದಲ್ಲಿ: ಮಲ್ಲೇಶ್ವರಕ್ಕೆ ಉತ್ತರದಲ್ಲಿರುವ ಹೆಬ್ಬಾಳದ ಪಶುವೈದ್ಯ ಮಹಾವಿದ್ಯಾಲಯವು 1958ರಲ್ಲಿ ಸ್ಥಾಪಿತವಾದುದು, ಹಿತ್ತಲ ಸಾಕಣೆಗೆ ಒಗ್ಗುವ ಗಿರಿರಾಜ ಕೋಳಿ ರೂಪುಗೊಂಡುದು ಇಲ್ಲಿಯೇ. ಹಳ್ಳಿಯ ಹಿತ್ತಲಿಗೆ ಹೋಗಲಿರುವ ಈ ಮರಿಗಳೂ ಯಂತ್ರದ ಕಾವಿನಲ್ಲಿಯೇ ಹುಟ್ಟುವುವಾದ್ದರಿಂದ, ತಾಯಿಯ ಜೀವಾಣುಗಳ ಕೊರತೆ ಅವಕ್ಕೂ ಉಂಟು. ಪ್ರಾಣಿಪೋಷಣೆಯ ಸಂಶೋಧನೆಗಾಗಿ ಆಡುಗೋಡಿಯಲ್ಲಿ 1995ರಿಂದ ರಾಷ್ಟ್ರೀಯ ಪ್ರಾಣಿಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಿದ್ದು, ಹೆಸರಘಟ್ಟದಲ್ಲಿ ಕೇಂದ್ರಸರ್ಕಾರದ ಕುಕ್ಕುಟಾಭಿವೃದ್ಧಿ ಸಂಸ್ಥೆಯು ತರಬೇತಿ ನೀಡುತ್ತದೆ.

ಪ್ರಸಕ್ತತೆ ಮತ್ತು ಮಿತಿ: ಬೆಳವಣಿಗೆಗಾಗಿ ಆಹಾರದಲ್ಲಿ ಆಂಟಿಬಯೋಟಿಕ್ ಬೆರೆಸುವುದನ್ನು ಐರೋಪ್ಯ ಒಕ್ಕೂಟವು 2006ರಲ್ಲಿ ನಿಷೇಧಿಸಿತು, ಭಾರತವು 2019ರಲ್ಲಿ ಆಹಾರಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್‌ನ ಬಳಕೆಯನ್ನು ತಡೆಯಿತು. ಔಷಧಕ್ಕೆ ಮಣಿಯದ ರೋಗಾಣುಗಳ ಭೀತಿಯೇ ಇವೆರಡಕ್ಕೂ ಕಾರಣವಾಗಿ, ಪ್ರೋಬಯೋಟಿಕ್‌ಗಳ ಮೇಲಿನ ಆಸಕ್ತಿ ಬೆಳೆಯಿತು. ಆದಾಗ್ಯೂ ತಳಿ, ಪ್ರಮಾಣ, ಕೋಳಿಯ ವಯಸ್ಸು, ಆಹಾರದ ಗುಣ ಇವುಗಳಿಗನುಸಾರವಾಗಿ ಫಲವು ವ್ಯತ್ಯಾಸಗೊಳ್ಳುವುದು. ಒದ್ದೆ ಹಾಸು, ಕೊಳೆನೀರು, ಮಿತಿಮೀರಿದ ಕಿಕ್ಕಿರಿಕೆಗಳಿರುವ ಸಾಕಣೆಮನೆಯಲ್ಲಿ ಇವುಗಳಿಂದಾಗುವ ಉಪಕಾರ ಅತ್ಯಲ್ಪ.