ಬಾನೆಟ್ ಕೆಳಗಿನ ಅರವತ್ತು ವರ್ಷ



ನಿಮ್ಮಲ್ಲಿ ಅನೇಕರು ನಮ್ಮ ಕನ್ನಡ ಕಾರ್ಯಕ್ರಮ ಕೇಳುವುದು ಕಾರಿನಲ್ಲಿ, ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುತ್ತಾ. ಈ ಸಲ ಹಾಡಿನ ಮಾತು ಬಿಟ್ಟು, ಹಾಡು ಕೇಳಿಸುವ ಆ ಕಾರಿನ ಮಾತನ್ನೇ ಆಡೋಣ. ಮೊದಲು ಒಂದು ಪ್ರಶ್ನೆ. ನಿಮ್ಮ ಕಾರಿನ ಬಾನೆಟ್ಟನ್ನು ನೀವಾಗಿಯೇ ಕೊನೆಯ ಸಲ ಎತ್ತಿದ್ದು ಯಾವಾಗ? ನೆನಪಿಲ್ಲ ಎಂದರೆ ಸಂಕೋಚ ಬೇಡ. ತಪ್ಪು ಪೂರ್ತಿ ನಿಮ್ಮದಲ್ಲ, ಅದರ ಹಿಂದೆ ಒಂದು ಚರಿತ್ರೆಯೇ ಇದೆ.

2023ರ ಅಕ್ಟೋಬರ್ 30ರಂದು ಮುಂಬೈಯ ರಸ್ತೆಗಳಿಂದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ನಿವೃತ್ತಿ ಪಡೆದವು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇತ್ತು, ಕೊನೆಯ ಪದ್ಮಿನಿ ನೋಂದಣಿಯಾದದ್ದು 2003ರಲ್ಲಿ. ಆ ಕಪ್ಪು ಹಳದಿ ಗಾಡಿಯ ಜೊತೆಗೇ ಕಾರಿನ ಮಾಲೀಕನೇ ಅರ್ಧ ಮೆಕ್ಯಾನಿಕ್ ಆಗಿದ್ದ ಒಂದು ಕಾಲವೂ ಮುಗಿಯಿತು ಎನ್ನಬಹುದು.

ಕುರ್ಲಾದ ಕಾರು, ಬೆಂಗಳೂರಿನ ಕನಸು

ಪದ್ಮಿನಿ ತಯಾರಾಗುತ್ತಿದ್ದದ್ದು ಮುಂಬೈಯ ಕುರ್ಲಾದಲ್ಲಿ. ಅದರ ಕಂಪನಿ ಪ್ರೀಮಿಯರ್ ಆಟೊಮೊಬೈಲ್ಸ್, ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಕಟ್ಟಿದ್ದು. ಇಲ್ಲಿ ನಮ್ಮವರ ಹೆಸರೊಂದು ಬರುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿದ್ದರು. ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯುವ ಮಾತೂ ನಡೆದಿತ್ತು, ವಾಲ್‌ಚಂದ್ ಅದರಲ್ಲಿ ಜೊತೆಗಿದ್ದರು. ಬ್ರಿಟಿಷ್ ಭಾರತ ಸರ್ಕಾರದ ಬೆಂಬಲ ದೊರೆಯದೆ ಆ ಯೋಜನೆ ನಿಂತುಹೋಯಿತು. 1940ರ ಕೊನೆಯಲ್ಲಿ ಅದೇ ವಾಲ್‌ಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, ಅದೇ ಇಂದಿನ ಎಚ್.ಎ.ಎಲ್. ಕಾರು ಮಾತ್ರ ಮುಂಬೈ ಪಾಲಾಯಿತು.

ಪ್ರೀಮಿಯರ್ ಕಂಪನಿ ಇಟಲಿಯ ಫಿಯೆಟ್ ಜೊತೆ ಒಪ್ಪಂದ ಮಾಡಿಕೊಂಡು 1964ರಲ್ಲಿ ಫಿಯೆಟ್ 1100 ಡಿಲೈಟ್ ತಂದಿತು. 1970ರ ದಶಕದಲ್ಲಿ ಅದೇ ಕಾರಿಗೆ ಪದ್ಮಿನಿ ಎಂದು ಹೆಸರಾಯಿತು. ಅತ್ತ ಕೋಲ್ಕತ್ತಾ ಬಳಿಯ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನ ಅಂಬಾಸಡರ್. ಮಧ್ಯಮ ವರ್ಗದ ಮನೆಗೆ ಹೆಚ್ಚುಕಡಿಮೆ ಇವೆರಡೇ. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಅಷ್ಟು ಕಾದು ಪಡೆದ ಕಾರನ್ನು ಹದಿನೈದು, ಇಪ್ಪತ್ತು ವರ್ಷ ಇಟ್ಟುಕೊಳ್ಳಬೇಕು. ಹಾಗಾಗಿ ಅದರ ಕೆಲಸ ಕಲಿಯದೆ ಗತಿಯಿರಲಿಲ್ಲ.

ಭಾನುವಾರದ ಕೆಲಸ

ಆ ಕಾರುಗಳು ಮಾಲೀಕನ ಕೈಯನ್ನು ಬೇಡುತ್ತಿದ್ದವು. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ಸವೆದರೆ ಎಮರಿ ಪೇಪರಿನಿಂದ ಉಜ್ಜಿ, ಅರ್ಧ ಮಿಲಿಮೀಟರಿಗೂ ಕಡಿಮೆಯಾದ ಸಂದನ್ನು ಗೇಜಿನಿಂದ ಅಳೆದು ಹೊಂದಿಸಬೇಕು. ಪ್ಲಗ್ಗಿನ ಮಸಿ ತೆಗೆಯಬೇಕು. ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ ಕಸ ಸಿಕ್ಕಿದರೆ ಬಿಚ್ಚಿ ಊದಬೇಕು. ಡ್ರಮ್ ಬ್ರೇಕು ಸಡಿಲಾದರೆ ಬಿಗಿ ಮಾಡಬೇಕು, ಕೀಲುಗಳಿಗೆ ಗ್ರೀಸು ಹೊಡೆಯಬೇಕು. ಮುಂಬೈಯಿಂದ ಊರಿಗೆ ಹೊರಟವರು ಖಂಡಾಲಾ ಘಾಟಿನಲ್ಲಿ ರೇಡಿಯೇಟರ್ ಕುದಿಯುವುದೆಂದು ಮೊದಲೇ ಲೆಕ್ಕ ಹಾಕಿ ನೀರಿನ ಕ್ಯಾನು ಡಿಕ್ಕಿಯಲ್ಲಿ ಇಟ್ಟಿರುತ್ತಿದ್ದರು.

ಕಷ್ಟದ ಕಾಲ, ನಿಜ. ಆದರೆ ಅದರಲ್ಲಿ ಒಂದು ಲಾಭವಿತ್ತು. ಶಬ್ದ ಕೇಳಿಯೇ ಏನು ಕೆಟ್ಟಿದೆ ಎಂದು ತಿಳಿಯುತ್ತಿತ್ತು. ಗ್ಯಾರೇಜಿನವನು ಏನೋ ಹೇಳಿ ಹಣ ಕೀಳುವುದು ಸುಲಭವಿರಲಿಲ್ಲ.

1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಹರ್‌ಪಾಲ್ ಸಿಂಗ್ ಎಂಬುವರಿಗೆ ಮೊದಲ ಮಾರುತಿ 800ರ ಬೀಗದ ಕೈ ಕೊಟ್ಟರು. 796 ಸಿ.ಸಿ.ಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್, ಮುಂದಿನ ಚಕ್ರಗಳಿಗೇ ಶಕ್ತಿ. ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿತ್ತು! ಭಾನುವಾರದ ಕೆಲಸ ಅರ್ಧಕ್ಕೆ ಇಳಿಯಿತು. ಆದರೂ ಕಾರ್ಬ್ಯುರೇಟರ್ ಉಳಿದಿತ್ತು, ಚೋಕ್ ಉಳಿದಿತ್ತು, ಮನೆಯಲ್ಲಿ ಸ್ಪ್ಯಾನರ್ ಪೆಟ್ಟಿಗೆಯೂ ಉಳಿದಿತ್ತು.

ನಿಮ್ಮ ನಗರದಿಂದಲೇ ಬಂದ ತಿರುವು

ನಿಜವಾದ ತಿರುವು ಬಂದದ್ದು ಹೊಗೆಯಿಂದ, ಅದೂ ಮಹಾನಗರಗಳ ಹೊಗೆಯಿಂದ. 1995ರ ಏಪ್ರಿಲಿನಿಂದ ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈಗಳಲ್ಲಿ ಮಾರುವ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಹೊಗೆಯ ಕೊಳವೆಯಲ್ಲಿ ಕೂತು ವಿಷಾನಿಲಗಳನ್ನು ಮುರಿಯುವ ಈ ಸಾಧನಕ್ಕೆ ಸೀಸ ಕಂಡರೆ ಆಗದು. ಆದ್ದರಿಂದ ಸೀಸವಿಲ್ಲದ ಪೆಟ್ರೋಲ್ ಬಂತು, 2000ದ ಫೆಬ್ರವರಿಯಿಂದ ಅದೇ ಇಡೀ ದೇಶಕ್ಕೆ ನಿಯಮವಾಯಿತು. 1999ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ದೆಹಲಿ ವಲಯದ ಹೊಸ ಖಾಸಗಿ ಕಾರುಗಳು ಆ ಜೂನ್‌ನಿಂದ ಯೂರೋ 1, ಮರುವರ್ಷದ ಏಪ್ರಿಲಿನಿಂದ ಯೂರೋ 2 ಮಟ್ಟ ಮುಟ್ಟಬೇಕೆಂದು ಆದೇಶಿಸಿತು.

ಕನ್ವರ್ಟರ್ ಸರಿಯಾಗಿ ದುಡಿಯಬೇಕಾದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಕ್ಷಣಕ್ಷಣವೂ ಈ ಅಳತೆ ಕಾಯುವುದು ಕಾರ್ಬ್ಯುರೇಟರಿನ ಕೈಲಿ ಆಗುವ ಕೆಲಸವಲ್ಲ. ಅದರ ಜಾಗಕ್ಕೆ ಎಂ.ಪಿ.ಎಫ್.ಐ. ಬಂತು. ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್, ಹೊಗೆಯನ್ನು ಅಳೆಯಲು ಆಮ್ಲಜನಕ ಸೆನ್ಸರ್, ಎಲ್ಲಕ್ಕೂ ಮೇಲ್ವಿಚಾರಣೆಗೆ ಇ.ಸಿ.ಯು. ಎಂಬ ಪುಟ್ಟ ಕಂಪ್ಯೂಟರ್. ಚೆನ್ನೈ ಬಳಿ ತಯಾರಾದ ಹ್ಯುಂಡೈ ಸ್ಯಾಂಟ್ರೊ 1998ರಲ್ಲಿ ಬಂದದ್ದೇ ಎಂ.ಪಿ.ಎಫ್.ಐ. ಎಂಜಿನ್ನಿನೊಂದಿಗೆ. ಮಾರುತಿ 800 ಕೂಡ ಅದೇ ದಾರಿ ಹಿಡಿಯಿತು. ಪಾಯಿಂಟು, ಚೋಕು, ಜೆಟ್ಟು ಎಲ್ಲ ಮಾಯ. ಬಾನೆಟ್ ಎತ್ತಿದರೆ ಕಾಣುವುದು ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ.

ಅಂದಿನ ಜಾಣತನ, ಇಂದಿನ ತಪ್ಪು

ಇಲ್ಲಿ ನೀವು ಎಚ್ಚರದಿಂದ ಇರಬೇಕಾದ ಸಂಗತಿ ಒಂದಿದೆ. ಕಾರು ಬದಲಾಯಿತು, ಆದರೆ ಮನೆಯ ಹಿರಿಯರ ಸಲಹೆ ಬದಲಾಗಲಿಲ್ಲ. ಅವರು ಹೇಳಿಕೊಟ್ಟದ್ದು ಅವರ ಕಾರಿಗೆ ಸರಿಯಾಗಿಯೇ ಇತ್ತು, ಇಂದಿನ ಕಾರಿಗೆ ಅಲ್ಲ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿ ಡೈನಮೊ ಪರೀಕ್ಷಿಸುವುದು ಹಳೆಯ ಉಪಾಯ. ಇಂದು ಹಾಗೆ ಮಾಡಿದರೆ ವೋಲ್ಟೇಜ್ ಏಕಾಏಕಿ ಏರಿ ಇ.ಸಿ.ಯು. ಸುಟ್ಟೀತು. ರೇಡಿಯೇಟರಿಗೆ ನಲ್ಲಿ ನೀರು ಸುರಿಯುವುದು ಅಂದು ಸಹಜ. ಇಂದಿನ ಅಲ್ಯೂಮಿನಿಯಂ ಎಂಜಿನ್ನಿಗೆ ಕೂಲಂಟ್ ಇಲ್ಲದಿದ್ದರೆ ಒಳಗೇ ತುಕ್ಕು ಹತ್ತುತ್ತದೆ. ಸ್ಟಾರ್ಟ್ ಆಗದ ಕಾರನ್ನು ಮತ್ತೆ ಮತ್ತೆ ತಳ್ಳುವುದೂ ಅಷ್ಟೇ, ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನು ಹಾಳುಮಾಡುತ್ತದೆ. ಎಂಜಿನ್ನಿಗೆ ಜೋರಾಗಿ ನೀರು ಹೊಡೆದು ತೊಳೆದರೆ ಸೆನ್ಸರುಗಳ ಕನೆಕ್ಟರಿಗೆ ನೀರು ಇಳಿಯುತ್ತದೆ.

ಹಾಗಾದರೆ ಕಾರಿನ ಕಾಯಿಲೆ ತಿಳಿಯುವುದು ಹೇಗೆ? ಅದಕ್ಕೂ ಕಾನೂನೇ ದಾರಿ ಮಾಡಿತು. ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾದ ಓ.ಬಿ.ಡಿ. 2 ವ್ಯವಸ್ಥೆ ನಮ್ಮಲ್ಲಿ 2013ರಲ್ಲಿ ಬಿ.ಎಸ್. 4 ಕಾರುಗಳಿಗೆ ಬಂತು. ಸ್ಟೀರಿಂಗ್ ಕೆಳಗೆ ಕೈ ಆಡಿಸಿ ನೋಡಿ, ಹದಿನಾರು ಪಿನ್ನಿನ ಸಾಕೆಟ್ ಸಿಗುತ್ತದೆ. ಅದಕ್ಕೆ ಅಗ್ಗದ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೆ ದೋಷದ ಸಂಕೇತ ನಿಮ್ಮ ಮೊಬೈಲಿನಲ್ಲೇ ಮೂಡುತ್ತದೆ. ಪಿ 0301 ಎಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಕಾರಣ ಪ್ಲಗ್ ಇರಬಹುದು, ಕಾಯಿಲ್ ಇರಬಹುದು, ಇಂಜೆಕ್ಟರೂ ಇರಬಹುದು. ಸಂಕೇತ ಎಲ್ಲಿ ಎಂದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಆದರೂ ಅಷ್ಟು ತಿಳಿದು ಗ್ಯಾರೇಜಿಗೆ ಹೋದವರಿಗೂ ಏನೂ ತಿಳಿಯದೆ ಹೋದವರಿಗೂ ಬಿಲ್ಲಿನಲ್ಲಿ ವ್ಯತ್ಯಾಸ ಕಂಡೀತು.

ಅಲಂಕಾರಕ್ಕೂ ಮಿತಿ ಉಂಟು

ಕಾರಿಗೆ ಏನಾದರೂ ಸೇರಿಸುವ ಹವ್ಯಾಸ ಹೊಸದಲ್ಲ. ರೇಡಿಯೋಗೂ ಲೈಸೆನ್ಸ್ ಬೇಕಿದ್ದ ಕಾಲದಿಂದಲೇ ಜನ ಕಾರಿಗೆ ರೇಡಿಯೋ ಕೂರಿಸುತ್ತಿದ್ದರು, ಆಮೇಲೆ ಕ್ಯಾಸೆಟ್ ಪ್ಲೇಯರ್. 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಬೆಂಗಳೂರಿನಲ್ಲಿ ಶುರುವಾದ ಮೇಲೆ ಈ ಹುಚ್ಚು ಇನ್ನೂ ಏರಿತು. ದೆಹಲಿಯ ಕಶ್ಮೀರಿ ಗೇಟ್, ಚೆನ್ನೈಯ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆಗಳು ನಮ್ಮವರಿಗೆ ತೀರ್ಥಕ್ಷೇತ್ರಗಳೇ.

ಆದರೆ ತಂತಿ ಕತ್ತರಿಸಿ ಟೇಪು ಸುತ್ತುವ ಕೆಲಸಕ್ಕೆ ಇಂದು ಕೈ ಹಾಕಬೇಡಿ. ಜರ್ಮನಿಯ ಬಾಶ್ ಕಂಪನಿ 1986ರಲ್ಲಿ ಹೊರತಂದ 'ಕ್ಯಾನ್' ಪದ್ಧತಿಯಲ್ಲಿ ಬ್ರೇಕು, ಎಂಜಿನ್, ಏರ್‌ಬ್ಯಾಗುಗಳ ಕಂಪ್ಯೂಟರುಗಳೆಲ್ಲ ಒಂದೇ ಜೋಡಿ ತಂತಿಯಲ್ಲಿ ಮಾತಾಡಿಕೊಳ್ಳುತ್ತವೆ. ತಪ್ಪು ತಂತಿಗೆ ಕತ್ತರಿ ಬಿದ್ದರೆ ಎಲ್ಲಿಯದೋ ದೀಪ ಉರಿಯುತ್ತದೆ. ಕಂಪನಿಯ ಕಪ್ಲರಿಗೇ ಹೊಂದುವ ಸ್ಟೀರಿಯೊ ಕೊಳ್ಳಿ. 55/60 ವ್ಯಾಟಿನ ಹೆಡ್‌ಲೈಟ್ ಜಾಗಕ್ಕೆ 90/100ರ ಬಲ್ಬು ಹಾಕಿದರೆ ಹೋಲ್ಡರ್ ಕರಗೀತು. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಸಿಕ್ಕ ಸೀಟ್ ಕವರ್ ತೊಡಿಸಬೇಡಿ, ಬೇಕಾದ ಹೊತ್ತಿಗೆ ಅದು ಬಿಚ್ಚಿಕೊಳ್ಳದೆ ಹೋಗಬಹುದು.

ಕಾನೂನೂ ಬಿಗಿಯಾಯಿತು. 2012ರಲ್ಲಿ ಸುಪ್ರೀಂ ಕೋರ್ಟು ಗಾಜಿನ ಕಪ್ಪು ಫಿಲ್ಮನ್ನು ನಿಷೇಧಿಸಿತು. ಮುಂದಿನ, ಹಿಂದಿನ ಗಾಜಿನಲ್ಲಿ ಶೇ. 70, ಪಕ್ಕದವುಗಳಲ್ಲಿ ಶೇ. 50 ಬೆಳಕು ದಾಟಲೇಬೇಕು ಎಂಬುದು ನಿಯಮ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್‌ಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದಿತು. ಸಿ.ಎನ್.ಜಿ. ಕಿಟ್ ಹಾಕಿಸಿದರೆ ಆರ್.ಸಿ.ಯಲ್ಲಿ ನಮೂದಾಗಲೇಬೇಕು.

ನಿಮ್ಮ ಪಾಲಿಗೆ ಉಳಿದದ್ದು

ಅರವತ್ತು ವರ್ಷದಲ್ಲಿ ಕೈಯ ಕೆಲಸ ಹೋಯಿತು, ಕಣ್ಣಿನ ಕೆಲಸ ಉಳಿಯಿತು. ನಾವು ಎರಡನ್ನೂ ಒಟ್ಟಿಗೇ ಕೈಬಿಟ್ಟೆವು, ಅದೇ ನಮ್ಮ ತಪ್ಪು. ಹಬ್ಬಕ್ಕೆ ಮಕ್ಕಳನ್ನೂ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಊರಿನ ಹಾದಿ ಹಿಡಿಯುವವರು ನೀವು. ಹೊರಡುವ ಹಿಂದಿನ ದಿನ ಇಪ್ಪತ್ತು ನಿಮಿಷ ಕೊಡಿ.

ಚಾಲಕನ ಬಾಗಿಲ ಚೌಕಟ್ಟಿನಲ್ಲಿರುವ ಚೀಟಿ ನೋಡಿ, ಟೈರು ತಣ್ಣಗಿರುವಾಗಲೇ ಗಾಳಿ ಹಿಡಿಸಿ. ಸ್ಟೆಪ್ನಿಯನ್ನು ಮರೆಯಬೇಡಿ. ಟೈರಿನ ಅಂಚಿನಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದ್ದು. ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ ನೋಡಿ, ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕೂಲಂಟ್ ಮಟ್ಟವನ್ನು ಹೊರಗಿನ ಡಬ್ಬಿಯಲ್ಲೇ ನೋಡಿ, ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ. ಬ್ರೇಕ್ ಆಯಿಲ್ ಇಳಿದಿದ್ದರೆ ಸುಮ್ಮನೆ ತುಂಬಿಸಿ ಹೊರಡಬೇಡಿ. ಪ್ಯಾಡ್ ಸವೆದಿರಬಹುದು, ಎಲ್ಲೋ ಸೋರುತ್ತಿರಬಹುದು, ತೋರಿಸಿ. ಬ್ಯಾಟರಿಯ ತುದಿಯಲ್ಲಿ ಬಿಳಿ ಹಸಿರು ಪುಡಿ ಕಟ್ಟಿದ್ದರೆ, ಎಂಜಿನ್ ಆರಿಸಿ, ಮೊದಲು ಮೈನಸ್ ತಂತಿ ಬಿಚ್ಚಿ ಒರೆಸಿ. ಏ.ಸಿ.ಯ ಫಿಲ್ಟರ್ ಬಹಳಷ್ಟು ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ, ಅದನ್ನು ಬದಲಿಸಲು ಎರಡು ಕೈ ಸಾಕು. ಒಂದು ಮಾತು ಮಾತ್ರ ಖಂಡಿತ: ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಎಂದೂ ತೂರಬೇಡಿ.

ಇಷ್ಟನ್ನೂ ಮಾಡುವಾಗ ಮಗನನ್ನೋ ಮಗಳನ್ನೋ ಪಕ್ಕಕ್ಕೆ ಕರೆದುಕೊಳ್ಳಿ. ಫಿಯೆಟ್ ಕಾಲದಲ್ಲಿ ಟಾರ್ಚ್ ಹಿಡಿದು ನಿಂತ ಹುಡುಗರು ಕಾರಿನ ಕೆಲಸ ಕಲಿತದ್ದು ಹಾಗೆಯೇ. ಆಮೇಲೆ ಬಾನೆಟ್ ಮುಚ್ಚಿ, ಬೆಲ್ಟು ಕಟ್ಟಿ, ರೇಡಿಯೋ ಹಚ್ಚಿ. ದಾರಿಯುದ್ದಕ್ಕೂ ಅಲ್ಲದಿದ್ದರೂ ಊರ ಹೊರಗಿನ ಟೋಲ್ ತನಕ ನಾವು ನಿಮ್ಮ ಜೊತೆಗಿರುತ್ತೇವೆ. ಪ್ರಯಾಣ ಸುಖಕರವಾಗಿರಲಿ.