ಹೃದಯಕ್ಕೆ ದಾರಿ ತೆರೆದ ಎಬರ್ಸ್‌ವಾಲ್ಡೆ
ಬದುಕಿರುವವರ ಹೃದಯಕ್ಕೆ ನಳಿಕೆ ತೂರಿಸಿದರೆ ಸಾವು ಖಚಿತ ಎಂಬ ಭಯ 1929ರಲ್ಲೂ ವೈದ್ಯರನ್ನು ಕಟ್ಟಿಹಾಕಿತ್ತು. ಜರ್ಮನಿಯ ಎಬರ್ಸ್‌ವಾಲ್ಡೆ ಆಸ್ಪತ್ರೆಯ ಯುವ ವೈದ್ಯ ವರ್ನರ್ ಫೋರ್ಸ್‌ಮನ್ ಅದನ್ನು ನಂಬಲಿಲ್ಲ. ಆದರೆ ಪ್ರಯೋಗಕ್ಕೆ ಮೇಲಧಿಕಾರಿಯ ಅನುಮತಿ ಸಿಗಲಿಲ್ಲ.

ಪ್ರಯೋಗ ತನ್ನ ಮೇಲೆಯೇ ನಡೆಯಲಿ ಎಂದು ನರ್ಸ್ ಗೆರ್ಡಾ ಡಿಟ್ಸನ್ ಮುಂದೆ ಬಂದರು. ಫೋರ್ಸ್‌ಮನ್ ಆಕೆಯನ್ನು ಮೇಜಿಗೆ ಕಟ್ಟಿದರು. ಕೊಯ್ದದ್ದು ಮಾತ್ರ ತಮ್ಮದೇ ಎಡತೋಳನ್ನು. ಮೂತ್ರನಾಳಕ್ಕೆ ಬಳಸುವ ತೆಳು ಕ್ಯಾಥೆಟರನ್ನು ರಕ್ತನಾಳದೊಳಗೆ ತಳ್ಳಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದೇ ಹೋದರು. 65 ಸೆಂಟಿಮೀಟರ್ ಒಳಹೊಕ್ಕ ನಳಿಕೆ ಬಲ ಹೃತ್ಕರ್ಣ ತಲುಪಿತ್ತು. ಎಂಥ ಎದೆಗಾರಿಕೆ!

ಮನ್ನಣೆ ಬೇಗ ಬರಲಿಲ್ಲ. ಅವರು ಮೂತ್ರರೋಗ ಚಿಕಿತ್ಸೆಯತ್ತ ಹೊರಳಿದರು. ಅಮೆರಿಕದಲ್ಲಿ ವೈದ್ಯರಾದ ಕೂರ್ನಾಂಡ್, ರಿಚರ್ಡ್ಸ್ ಈ ವಿಧಾನವನ್ನು ಬೆಳೆಸಿದರು; 1956ರ ನೊಬೆಲ್ ಮೂವರಿಗೂ ಸಂದಿತು. 1977ರಲ್ಲಿ ಜೂರಿಕ್‌ನ ಆಂಡ್ರಿಯಾಸ್ ಗ್ರುಂಟ್ಸಿಗ್ ಕ್ಯಾಥೆಟರಿನ ಬಲೂನಿನಿಂದ ಹೃದಯದ ಇಕ್ಕಟ್ಟಾದ ರಕ್ತನಾಳವನ್ನು ಹಿಗ್ಗಿಸಿ ಹೃದಯದ ಆಂಜಿಯೋಪ್ಲಾಸ್ಟಿಗೆ ನಾಂದಿ ಹಾಡಿದರು.