ತಾಯಂದಿರ ವಂಶಾವಳಿ

ಬಾದಾಮಿಗೆ ಸಮೀಪದ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಆಳ್ವಿಕೆಯ, ಎಂದರೆ ಕ್ರಿ.ಶ. 696ರಿಂದ 733ರ ನಡುವಣ, ಕನ್ನಡ ಶಾಸನವೊಂದುಂಟು. ಅರಸನ ಪ್ರಾಣವಲ್ಲಭೆಯಾದ ವಿನಾಪೋಟಿಯು ಹಿರಣ್ಯಗರ್ಭ ಮಹಾದಾನವನ್ನು ನೆರವೇರಿಸಿ, ದೇವರ ಪೀಠಕ್ಕೆ ಮಾಣಿಕ್ಯವನ್ನು ಕಟ್ಟಿಸಿ, ಬೆಳ್ಳಿಯ ಕೊಡೆಯನ್ನೇರಿಸಿ, ಭೂಮಿಯನ್ನು ದತ್ತಿಬಿಟ್ಟ ಸಂಗತಿಯನ್ನು ಅರುಹುವ ಆ ಶಾಸನವು, ಅವಳ ಕುಲವನ್ನು ಹೇಳುವಲ್ಲಿ ತಂದೆಯನ್ನಾಗಲಿ ತಾತನನ್ನಾಗಲಿ ಹೆಸರಿಸದೆ, ಅಜ್ಜಿ ರೇವಮಂಚಳ, ಅವಳ ಮಗಳು ಕುಚಿಪೋಟಿ, ಆಕೆಯ ಮಗಳು ವಿನಾಪೋಟಿ ಎಂದು ಮೂರು ತಲೆಮಾರುಗಳನ್ನೂ ಹೆಣ್ಣಿನ ಸಾಲಿನಲ್ಲಿಯೇ ಎಣಿಸುತ್ತದೆ. ವಿನಾಪೋಟಿ ಸೂಳೆಯೆಂಬುದನ್ನೂ ಅದು ಮರೆಮಾಚುವುದಿಲ್ಲ.

ಆದರೆ ಶಾಸನದಲ್ಲಿದ್ದ ಹೆಸರೆಲ್ಲ ಜನರ ನೆನಪಿನಲ್ಲಿ ಉಳಿಯಲಿಲ್ಲ. ಸುಮಾರು 740ರಲ್ಲಿ ಅದೇ ಚಾಲುಕ್ಯ ಕುಲದ ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ಸ್ಮರಣೆಗಾಗಿ ಪಟ್ಟದಕಲ್ಲಿನಲ್ಲಿ ಮಹಾದೇವಾಲಯವನ್ನು ಕಟ್ಟಿಸಿದವಳು ಅವನ ರಾಣಿ ಲೋಕಮಹಾದೇವಿ. ಅದರ ಪಕ್ಕದ ಗುಡಿ ಅವಳ ತಂಗಿಯೂ ಸವತಿಯೂ ಆದ ತ್ರೈಲೋಕ್ಯಮಹಾದೇವಿಯದು. ಲೋಕೇಶ್ವರ, ತ್ರೈಲೋಕೇಶ್ವರಗಳೆಂದು ಇವರ ಅಭಿಧಾನವನ್ನೇ ಧರಿಸಿದ್ದ ಆ ಗುಡಿಗಳನ್ನು ಜನರು ಈಗ ವಿರೂಪಾಕ್ಷ, ಮಲ್ಲಿಕಾರ್ಜುನಗಳೆಂದೇ ಬಲ್ಲರು.

ಕಲ್ಲಿನಲ್ಲಿ ಹೆಸರನ್ನು ಕೆತ್ತಿಸಿದವರ ಸ್ಥಿತಿಯೇ ಹೀಗಿರಲು, ಗೃಹಿಣಿಯರ ಮಾತೇನು? ಬಾಗಲಕೋಟೆ, ಹುನಗುಂದ ಸೀಮೆಯ ಮನೆಗಳಿಗೆ ಎತ್ತನ್ನೇರಿ ಬಂದು, ಒಕ್ಕಲಿನ ಪೂರ್ವಜರನ್ನು ಹೆಸರು ಹಿಡಿದು ಹೊಗಳಿ, ಕಾಳುಕಡಿ ಪಡೆದು ಹೋಗುತ್ತಿದ್ದ ಹೆಳವರಿಂದ ನಮ್ಮ ಎಷ್ಟೋ ಮನೆತನಗಳ ಇತಿಹಾಸ ಉಳಿದಿದೆ. ಅದಕ್ಕಾಗಿ ನಾವು ಅವರಿಗೆ ಋಣಿಗಳು. ಆದರೆ ಆ ವಂಶಾವಳಿಯ ಮುಖ್ಯಧಾರೆ ತಂದೆಯಿಂದ ಮಗನಿಗೆ ಸಾಗತಕ್ಕದ್ದು. ಮದುವೆಯಾಗಿ ಹೋದ ಮಗಳ ಸಂತತಿ ಅದರಲ್ಲಿ ಮುಂದುವರಿಯದು.

ಇಳಕಲ್ಲಿನ ನೇಕಾರ ಮನೆಗಳಲ್ಲಿ ಈ ಮರೆವು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕುಣಿಮಗ್ಗದಲ್ಲಿ ಕುಳಿತು ನೇಯುವವನಿಗೆ ನೇಕಾರನೆಂಬ ಹೆಸರು ಸಲ್ಲುತ್ತದೆ. ನೂಲನ್ನು ಬಿಡಿಸಿ, ಕಂಡಿಕೆ ಸುತ್ತಿ, ಸೀರೆಯ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಕೊಂಡಿಹಾಕಿ ಜೋಡಿಸುವಂಥ ಕೆಲಸಗಳಲ್ಲಿ ಆಯುಷ್ಯವನ್ನು ಸವೆಸಿದ ಹೆಂಗಸರು ಮನೆಗೆಲಸದವರೆಂದೇ ಪರಿಗಣಿತರಾದರು. ಕೂಲಿ ಲೆಕ್ಕಕ್ಕೆ ಬಾರದ ದುಡಿಮೆ ಕುಲದ ಲೆಕ್ಕಕ್ಕೂ ಬಾರದೆ ಹೋಯಿತು.

ಆದುದರಿಂದ ಮನೆತನದ ಚರಿತ್ರೆಯನ್ನು ಬರೆಯಹೊರಟವರು ಮೊದಲು ಮನೆಯ ವೃದ್ಧೆಯರ ಬಳಿ ಕುಳಿತು, ಅವರ ತವರೂರು, ತಾಯಿಯ ಮತ್ತು ಅಜ್ಜಿಯ ಹೆಸರು, ಮದುವೆಯಲ್ಲಿ ಹೆಸರು ಬದಲಾಗಿದ್ದರೆ ತವರಿನ ಹೆಸರು, ಕಲಿತ ಕಸುಬು, ಹೆತ್ತು ಕಳೆದುಕೊಂಡ ಮಕ್ಕಳು, ಇವೆಲ್ಲವನ್ನೂ ಕೇಳಿ ಬರೆದುಕೊಳ್ಳಬೇಕು. ಮಗಳ ಹೆಸರನ್ನು ಮದುವೆಯೊಡನೆ ಕೈಬಿಡದೆ, ಅವಳ ಮಕ್ಕಳ ಸಾಲನ್ನೂ ಅದೇ ಪುಟದಲ್ಲಿ ಮುಂದುವರಿಸುವುದು ನಮ್ಮ ತಲೆಮಾರಿನ ಕರ್ತವ್ಯ.